ಒಲೆ ಕಡೆನೋ, ನಲ್ಲಿ ಕಡೆನೋ

ನನ್ನ ಬೆರಳಸಂದಿ ಕೊಳೆಯಾಕೆ ಹಿಡಿದು ಆರು ವರ್ಷ ಆತು. ಇನ್ನೂರ ನಲವತ್ತು ತಟ್ಟೆ, ಇನ್ನೂರ ನಲವತ್ತು ಲೋಟ, ಮೂರು ಹೊತ್ತು. ಸೋಪಿನ ಪುಡಿ, ತಣ್ಣೀರು. ಚನ್ನಗಿರಿ ಡಾಕ್ಟ್ರು ನನ್ನ ಕೈ ಮುಟ್ಟದೇ ಟಾರ್ಚ್ ಬಿಟ್ಟು ನೋಡಿದ್ರು. "ಕೈ ನೀರಿಗೆ ಹಾಕ್ಬೇಡ, ಹಿಂಗೇ ಆದ್ರೆ ಬೆರಳು ಹೋಗ್ತಾವೆ" ಅಂದ್ರು. ನೀರಿಗೆ ಕೈ ಹಾಕ್ದಿದ್ರೆ ಹೊಟ್ಟೆಗೆ ಏನು ಹಾಕ್ಲಿ ಅಂತ ಕೇಳ್ದೆ. ಅವ್ರು ಮುಲಾಮು ಬರೆದುಕೊಟ್ರು.

ನಾನು ದುರುಗಮ್ಮ. ಹುಟ್ಟಿದ್ದು ಜಗಳೂರು ಕಡೆ, ಕೊಟ್ಟಿದ್ದು ತ್ಯಾವಣಿಗೆಗೆ. ಜಗಳೂರೋಳು, ಜಗಳಕ್ಕೇ ಹುಟ್ಟಿದೋಳು ಅಂತ ನನ್ನ ಅತ್ತೆ ಸಾಯೋತನ್ಕ ಅಂದ್ಲು. ಅನ್ಲಿ ಬಿಡು. ನಾವು ಮಾದಿಗರು. ಇದನ್ನ ಮೊದ್ಲೇ ಹೇಳಿಬಿಡ್ತೀನಿ. ಮುಂದೆ ಆಗೋದೆಲ್ಲ ಅದ್ರಿಂದ್ಲೇ ಆಗೋದು, ಆದ್ರೆ ಆ ಮಾತು ಮಾತ್ರ ಯಾರ ಬಾಯಾಗೂ ಬರಲ್ಲ.

ತ್ಯಾವಣಿಗೆಯಿಂದ ಸೂಳೆಕೆರೆ ಕಡೆ ಹೋಗೋ ದಾರಿಯಾಗೆ ಟ್ರಸ್ಟಿನೋರ ಒಂದು ವಸತಿ ಶಾಲೆ ಐತೆ. ಅದರ ಅಡುಗೆಮನೆಗೆ ಎರಡು ಕಡೆ. ಒಲೆ ಕಡೆ, ನಲ್ಲಿ ಕಡೆ. ಒಲೆ ಕಡೆ ಗ್ಯಾಸು, ಹಂಡೆ, ಸೌಟು, ಉಪ್ಪು-ಖಾರದ ಡಬ್ಬಿ. ನಲ್ಲಿ ಕಡೆ ಅಂದ್ರೆ ಹಿಂದ್ಗಡೆ ತಗಡಿನ ಕೆಳಗೆ ಎರಡು ನಲ್ಲಿ, ಒಂದು ಚರಂಡಿ, ಅದರಾಚೆ ಮಕ್ಕಳ ಕಕ್ಕಸು. ನಡುವೆ ಒಂದು ಹೊಸ್ತಿಲು. ನಾನೂ ಅಖ್ತರ್‌ಬೀನೂ ನಲ್ಲಿ ಕಡೆಯೋರು. ನಾವು ತೊಳೆದ ಪಾತ್ರೆನ ಹೊಸ್ತಿಲ ಮ್ಯಾಲೆ ಬೋರಲು ಹಾಕ್ಬೇಕು. ಒಳಗಿಂದ ಒಂದು ಚೊಂಬು ನೀರು ಅದ್ರ ಮ್ಯಾಲೆ ಬೀಳ್ತೈತೆ. ಆಮೇಲೆ ಪಾತ್ರೆ ಒಳಗೆ ಹೋಗ್ತೈತೆ. ನಾವು ಹೋಗಂಗಿಲ್ಲ. ಇದನ್ನ ಯಾರೂ ಯಾವ ಗೋಡೆ ಮ್ಯಾಲೂ ಬರೆದಿಲ್ಲ. ಬರೆದಿದ್ರೆ ಅಳಿಸ್ಬೋದಿತ್ತು.

ಒಲೆ ಕಡೆ ಅಜ್ಜಮ್ಮ ಇದ್ಲು. ದೊಡ್ಡ ಜಾತಿ, ಸಣ್ಣ ಮನೆ, ಗಂಡ ಇಲ್ಲ. ಕೆಟ್ಟೋಳಲ್ಲ. ಎರಡು ವರ್ಷದ ಹಿಂದೆ ಆಕೆಯ ಬಲಭುಜ ಹಿಡ್ಕೊಂತು. ಕೈ ಎತ್ತಿ ತಲೆ ಬಾಚ್ಕೊಳ್ಳಾಕೂ ಆಗ್ತಿರ್ಲಿಲ್ಲ. ಸಾರು ಕುದಿಸ್ತಾಳೆ, ಅನ್ನ ಮಾಡ್ತಾಳೆ, ಸರಿ. ಮುದ್ದೆ? ಇಪ್ಪತ್ತು ಕೆಜಿ ಹಿಟ್ಟು ತಿರುವ್ಬೇಕು. ಎರಡು ಹಂಡೆ. ಅದು ಸೌಟಿನ ಕೆಲಸ ಅಲ್ಲ, ರಟ್ಟೆ ಕೆಲಸ. ಒಂದಿನ ಆಕೆ ಹೊಸ್ತಿಲ ಹತ್ರ ಬಂದು, "ದುರುಗಿ, ಒಳಗೆ ಬಾ" ಅಂದ್ಲು. ನಂಗೆ ನಂಬಿಕೆ ಬರ್ಲಿಲ್ಲ. ಮಕ್ಕಳು ಉಣ್ಣೋ ಹಾಲ್ ಕಡೆ ಬಾಗಿಲು ಮುಚ್ಚಿ ಚಿಲಕ ಹಾಕಿದ್ಲು. "ಬೇಗ ತಿರುವಿ ಹೋಗ್ಬಿಡವ್ವ. ಯಾರೂ ನೋಡಬಾರ್ದು."

ತಿರುವಿದೆ. ಹಂಡೆ ಅಲ್ಲಾಡದಂಗೆ ಕಾಲು ಕೊಟ್ಟು, ಸೀರೆ ಎತ್ತಿ ಸಿಗ್ಸಿ, ಎರಡೂ ಕೈಲಿ ಕೋಲು ಹಿಡಿದು ತಿರುವಿದೆ. ಹಬೆ ಬೆರಳಸಂದಿಯ ಹುಣ್ಣಿಗೆ ಹೊಕ್ಕು ಉರಿ ನೆತ್ತಿಗೆ ಏರ್ತು. ಬೆವರು ಕಣ್ಣಿಗೆ ಇಳೀತು, ಒರೆಸ್ಕೊಳ್ಳಾಕೆ ಕೈ ಇಲ್ಲ. ಒಂದು ಗಂಟು ಬಿಡ್ಲಿಲ್ಲ ನಾನು. ಆಮೇಲೆ ಹಿಂದಿನ ಬಾಗಿಲಿಂದ ನಲ್ಲಿ ಕಡೆ ಹೋದೆ. ಅಜ್ಜಮ್ಮ ಉಂಡೆ ಕಟ್ಟಿ ಮುಂದಿನ ಬಾಗಿಲು ತೆಗೆದ್ಲು. ಅವತ್ತಿಂದ ಎರಡು ವರ್ಷ ದಿನಾ ಹಂಗೇ. ಹನ್ನೊಂದೂವರೆ ಆದ್ರೆ ವಾರ್ಡನ್ ಅಂಬಿಕಾ ಮೇಡಂ ಊಟದ ಹಾಲ್‌ನಾಗೆ ನಿಂತು ಕೂಗೋರು, "ಅಜ್ಜಮ್ಮ, ಬಾಗಿಲು ಹಾಕಿದ್ಯಾ?" ಅವ್ರಿಗೆ ಗೊತ್ತಿತ್ತು. ಅವ್ರಿಗೆ ಮುದ್ದೆ ಆದ್ರೆ ಸಾಕಿತ್ತು.

ಮಕ್ಕಳು ಉಂಡು ತಟ್ಟೆ ತರೋವಾಗ, "ಅಜ್ಜಮ್ಮಜ್ಜಿ ಮುದ್ದೆ ಬೆಣ್ಣೆ ಇದ್ದಂಗೆ ಐತೆ" ಅನ್ನೋವು. ನಾನು ಆ ತಟ್ಟೆನೇ ತೊಳೀತಾ ಕೇಳಿಸ್ಕೊಳ್ತಿದ್ದೆ. ಸುಳ್ಳು ಯಾಕೆ ಹೇಳ್ಲಿ, ಹೊಟ್ಟೆ ಉರೀತಿತ್ತು. ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಕೈ ನಮ್ದು. ಬಾಯಿ ಯಾರ್ದು?

ಸೋಮವಾರ ಸೋಮವಾರ ಟ್ರಸ್ಟಿನ ಕಾರ್ಯದರ್ಶಿ ಹಾಲೇಶಪ್ಪ ಬರೋರು. ಮಕ್ಕಳ ಜೊತೆ ಕೂತು ಉಣ್ಣೋರು, ಫೋಟೋ ತೆಗಿಸ್ಕೊಳ್ಳೋರು. ಎರಡು ಮುದ್ದೆ ಇಳಿಸೋರು.

ಈ ವರ್ಷ ಶಾಲೆಯ ಅಡುಗೆ, ಕ್ಲೀನಿಂಗು ಎಲ್ಲ ದಾವಣಗೆರೆಯ ಒಂದು ಹೊಸ ಏಜೆನ್ಸಿಗೆ ಹೋತು. ಹಳಬರೂ ಹೊಸಬರೂ ಎಲ್ಲ ಇಂಟರ್‌ವ್ಯೂ ಕೊಡ್ಬೇಕು ಅಂದ್ರು. ಅಜ್ಜಮ್ಮ ಈ ತಿಂಗಳು ಮುಗಿಸಿ, ಕೆಲಸ ಬಿಟ್ಟು ನ್ಯಾಮತಿಗೆ ಮಗಳ ಮನೆಗೆ ಹೋಗೋಳಿದ್ಲು. ಅಡುಗೆಯಾಕೆ ಜಾಗ ಖಾಲಿ ಆಗ್ತಿತ್ತು. ನಾನು ಅರ್ಜಿ ಹಾಕ್ದೆ. ಸಹಾಯಕಿ ಅಂತಲ್ಲ, ಅಡುಗೆಯಾಕೆ ಅಂತ. ಏಳನೇ ಕ್ಲಾಸು ಓದೀನಿ, ನನ್ನ ಕೈಯಾರೆ ಬರೆದೆ. ಒಲೆ ಕಡೆ ಹೋದ್ರೆ ನನ್ನ ಬೆರಳು ಉಳೀತಾವೆ. ಅಷ್ಟೇ ನನ್ನ ಆಸೆ ಅಂದ್ರೆ ಅದೂ ಸುಳ್ಳು. ಬಾಗಿಲು ಹಾಕ್ದೇ ಮುದ್ದೆ ತಿರುವ್ಬೇಕು ಅನ್ನೋದು ನನ್ನ ಆಸೆ.

ಇಂಟರ್‌ವ್ಯೂ ಶಾಲೆಯಾಗೇ, ಆಫೀಸಿನ ರೂಮಿನಾಗೆ. ವರಾಂಡದಾಗೆ ನಾವು ಹದಿನಾಲ್ಕು ಜನ ಹೆಂಗಸ್ರು ಕೆಳಗೆ ಕೂತಿದ್ವಿ. ಹೊನ್ನಾಳಿಯಿಂದ ಇಬ್ರು ಬೆಳಗಿನ ಬಸ್ಸಿಗೆ ಬಂದಿದ್ರು. ಒಬ್ಬೊಬ್ರು ಒಳಗೆ ಹೋಗಿ ಎರಡು ನಿಮಿಷಕ್ಕೆ ಹೊರಗೆ ಬರೋರು. ಎಲ್ರ ಹೆಬ್ಬೆರಳಿಗೂ ನೀಲಿ ಮಸಿ.

ಅಖ್ತರ್‌ಬೀ ಬಂದು ನನ್ನ ಪಕ್ಕ ಕುಸಿದ್ಲು. "ಏನು ಕೇಳಿದ್ರು?" ಅಂದೆ.

"ಹೆಸರು ಕೇಳಿದ್ರು. ಕಕ್ಕಸು ತೊಳಿತೀಯಾ ಅಂದ್ರು. ಹೂಂ ಅಂದೆ. ಒತ್ತು ಅಂದ್ರು, ಒತ್ತಿದೆ."

"ನೀನೇನು ಕೇಳ್ದೆ?"

"ನಾನಾ?" ಅಖ್ತರ್‌ಬೀ ನಕ್ಕುಬಿಟ್ಲು. "ಯಾ ಅಲ್ಲಾ, ಹುಚ್ಚು ಹಿಡಿದೈತಾ ನಿಂಗೆ? ಅವ್ರು ಕುರ್ಚಿ ಮ್ಯಾಲೆ ಅದಾರೆ, ನಾನು ನಿಂತೀನಿ. ನಾನೇನು ಕೇಳ್ಲಿ? ನೋಡು ದುರುಗಿ, ಸುಮ್ನೆ ಸಹಿ ಹಾಕಿ ಬಾ. ನಲ್ಲಿನಾದ್ರೂ ಉಳೀತೈತೆ."

ಅಷ್ಟೊತ್ತಿಗೆ ನನ್ನ ಹೆಸರು ಕೂಗಿದ್ರು. ಹನ್ನೊಂದು ಗಂಟೆ ಆಗಿತ್ತು.

ಮೇಜಿನಾಚೆ ಮೂವರು. ನಡುವೆ ಏಜೆನ್ಸಿಯ ಮಾರುತೇಶ್, ಇಸ್ತ್ರಿ ಅಂಗಿ, ಎರಡು ಮೊಬೈಲು. ಬಲಕ್ಕೆ ಹಾಲೇಶಪ್ಪ. ಎಡಕ್ಕೆ ಅಂಬಿಕಾ ಮೇಡಂ. ಮೂಲೆಯಾಗೆ ಕಂಪ್ಯೂಟ್ರು ಹುಡುಗಿ ಲಕ್ಷ್ಮೀದೇವಿ. ಈಕಡೆ ಕುರ್ಚಿ ಇರ್ಲಿಲ್ಲ.

ಮಾರುತೇಶ್ ಒಳ್ಳೆ ಮಾತಿನಾಗೇ ಶುರು ಮಾಡಿದ್ರು. "ಇನ್ನೂರ ನಲವತ್ತು ಮಕ್ಕಳಿಗೆ ಮುದ್ದೆ ಹೆಂಗೆ ಮಾಡ್ತೀರಮ್ಮ?"

"ಇಪ್ಪತ್ತು ಕೆಜಿ ಹಿಟ್ಟು ರೀ. ಎರಡು ಹಂಡೆ ಎಸರು. ಒಂದು ಹಿಡಿ ಹಿಟ್ಟು ಮೊದ್ಲು ತಣ್ಣೀರಿಗೆ ಕಲಸಿ ಎಸರಿಗೆ ಬಿಡ್ಬೇಕು. ಕುದಿ ಬಂದ ಮ್ಯಾಲೆ ಹಿಟ್ಟು ನಡುವೆ ಗುಡ್ಡೆ ಸುರೀಬೇಕು, ಕೋಲು ಚುಚ್ಚಿ ತೂತು ಮಾಡ್ಬೇಕು, ಮುಟ್ಟಬಾರ್ದು. ಹಿಟ್ಟು ಬೇಯೋತನ್ಕ ಕಾಯ್ಬೇಕು. ಅವಸರ ಮಾಡಿದ್ರೆ ಹಸಿ ಗಂಟು ಉಳ್ಕೊಂತೈತೆ, ಮಕ್ಕಳಿಗೆ ಹೊಟ್ಟೆ ನೋವು. ಆಮೇಲೆ ಉರಿ ಇಳ್ಸಿ ತಿರುವೋದು."

ಬೆಳಗಿಂದ ಯಾರೂ ಹಿಂಗೆ ಹೇಳಿರ್ಲಿಲ್ಲ ಅಂತ ಕಾಣ್ತೈತೆ. ಅವ್ರು ಪೆನ್ನು ಕೆಳಗಿಟ್ರು. "ಪರವಾಗಿಲ್ವೇ! ಎಲ್ಲಿ ಮಾಡಿ ರೂಢಿ?"

ಅಂಬಿಕಾ ಮೇಡಂ ಮೇಜು ನೋಡಿದ್ರು. "ಮನೆಯಾಗೆ ರೀ" ಅಂದೆ.

ಥೂ, ನನ್ನ ಬಾಯಿಗಿಷ್ಟು! ಎರಡು ವರ್ಷದ ರಟ್ಟೆನ ನಾನೇ ನುಂಗಿಬಿಟ್ಟೆ. ಮನೆಯಾಗೆ ಇರೋದು ನಾಲ್ಕು ಜನ. ನಾಲ್ಕು ಜನಕ್ಕೆ ಯಾರು ಇಪ್ಪತ್ತು ಕೆಜಿ ತಿರುವ್ತಾರೆ?

ಹಾಲೇಶಪ್ಪ ಕನ್ನಡಕದ ಮ್ಯಾಲಿಂದ ನೋಡಿದ್ರು. "ನೀನು ಯಾವ ಓಣಿಯೋಳು?"

ಅವ್ರಿಗೆ ಗೊತ್ತು. ಆರು ವರ್ಷ ಅವ್ರ ಎಂಜಲ ತಟ್ಟೆ ತೊಳೆದೋಳು ನಾನು. ಆದ್ರೂ ಕೇಳಿದ್ರು, ಮಾರುತೇಶ್ ಕಿವಿಗೆ ಬೀಳ್ಲಿ ಅಂತ.

"ಕೆಳಗಿನ ಓಣಿ" ಅಂದೆ.

"ಹಾಂ" ಅಂದ್ರು. ಅಷ್ಟೇ. ಮಾರುತೇಶ್ ಪೆನ್ನು ಮತ್ತೆ ಎತ್ಕೊಂಡ್ರು. "ಆಯ್ತಮ್ಮ. ಸಹಿ ಮಾಡಿ."

ಲಕ್ಷ್ಮೀದೇವಿ ಫಾರಂ ತಂದು ಮೇಜಿನ ಮ್ಯಾಲಿಟ್ಟು ಕೆಳಗೆ ಸಹಿ ಜಾಗ ಬೆರಳಿಟ್ಟು ತೋರ್ಸಿದ್ಲು. ನಾನು ಓದ್ದೆ. ಕೊನೆ ಸಾಲಿನಾಗೆ, 'ಅಭ್ಯರ್ಥಿಯು ಸಂದರ್ಶಕರಿಗೆ ಕೇಳಿದ ಪ್ರಶ್ನೆಗಳು – ಸಮಯ ಐದು ನಿಮಿಷ' ಅಂತ ಅಚ್ಚಾಗಿತ್ತು. ಅದರ ಮುಂದೆ ಯಾರೋ ಮೊದ್ಲೇ ನೀಲಿ ಪೆನ್ನಿನಾಗೆ 'ಇಲ್ಲ' ಅಂತ ಬರೆದಿದ್ರು. ಪಕ್ಕದಾಗೆ ಮುಗಿದೋರ ಫಾರಂ ಕಟ್ಟು ಇತ್ತು. ಮ್ಯಾಲಿಂದು ಅಖ್ತರ್‌ಬೀದು. ಅದ್ರಾಗೂ ಅದೇ ಕೈಬರಹ, 'ಇಲ್ಲ'. ಅದರ ಪಕ್ಕ ಆಕೆಯ ಹೆಬ್ಬೆಟ್ಟು.

"ಇದು ಯಾರು ಬರೆದಿದ್ದು ರೀ?"

ಲಕ್ಷ್ಮೀದೇವಿ ಮಾರುತೇಶ್ ಮುಖ ನೋಡಿದ್ಲು. "ನಿನ್ನೇನೇ ಎಲ್ಲ ಫಾರಮ್ಮಿಗೂ ತುಂಬಿಟ್ಟಿದ್ವಕ್ಕ. ಟೈಂ ಉಳೀತೈತೆ ಅಂತ."

"ನಾನು ಇನ್ನೂ ಕೇಳಾಕೆ ಬಾಯೇ ತೆಗ್ದಿಲ್ಲ. ನಿನ್ನೇನೇ ಇಲ್ಲ ಅಂತ ಹೆಂಗೆ ಗೊತ್ತಾತು?"

"ಅದು ಫಾರ್ಮಾಲಿಟಿ ಅಮ್ಮ" ಅಂದ್ರು ಮಾರುತೇಶ್. "ಹೆಡ್ಡಾಫೀಸಿನೋರು ಕೇಳ್ತಾರೆ. ನೀವು ಸಹಿ ಮಾಡಿ, ಹೊರಗೆ ಜನ ಕಾಯ್ತಾ ಇದಾರೆ."

"ನನ್ನ ಪ್ರಶ್ನೆ ಐತೆ ರೀ."

ಹಾಲೇಶಪ್ಪ ನಕ್ರು. ಹಲ್ಲು ಬಿಟ್ಟು ನಗಲಿಲ್ಲ, ಮೂಗಿನಾಗೆ ನಕ್ರು. "ಏನಮ್ಮೋ, ನಮ್ಗೇ ಇಂಟರ್‌ವ್ಯೂ ಮಾಡ್ತೀಯಾ? ಕೇಳಿದ್ದಕ್ಕೆ ಉತ್ತರ ಹೇಳೋದು ನಿನ್ ಕೆಲಸ. ಹಾಕು ಸಹಿ."

ನಲ್ಲಿ ಕಡೆದೂ ಹೋದ್ರೆ ಮನೆಗೆ ಏನಂತ ಹೋಗ್ಲಿ? ಅಖ್ತರ್‌ಬೀ ಮಾತು ಕಿವಿಯಾಗೇ ಇತ್ತು. ಆದ್ರೆ ಆ ನೀಲಿ 'ಇಲ್ಲ' ನೋಡಿದಷ್ಟೂ ಸಿಟ್ಟು ಏರ್ತು. ಆರು ವರ್ಷ ನನ್ನ ಬಾಯಿಗೆ ಇವ್ರೇ 'ಇಲ್ಲ' ಬರೆದವ್ರೆ. ನಾನು ಗೋಡೆ ಗಡಿಯಾರ ನೋಡಿದೆ.

"ಐದು ನಿಮಿಷ ಅಂತ ನಿಮ್ಮ ಕಾಗದದಾಗೇ ಐತೆ. ಹನ್ನೊಂದು ಹತ್ತು ಆಗೈತೆ. ಹದಿನೈದಕ್ಕೆ ಹೋಗ್ತೀನಿ. ನಾನು ಹಾಕಿರೋದು ಅಡುಗೆಯಾಕೆ ಅರ್ಜಿ. ಕೆಲಸ ಕೊಟ್ರೆ ನನ್ನ ಎಲ್ಲಿ ನಿಲ್ಲಿಸ್ತೀರಿ? ಒಲೆ ಕಡೆನೋ, ನಲ್ಲಿ ಕಡೆನೋ?"

ಮಾರುತೇಶ್ ಹಾಲೇಶಪ್ಪನ ಕಡೆ ನೋಡಿದ್ರು.

"ಅದು ಲೋಕಲ್ ಅಡ್ಜಸ್ಟ್‌ಮೆಂಟು..." ಅಂತ ಮಾರುತೇಶ್ ಎಳೆದ್ರು. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು ಅನ್ನೋ ಗಿರಾಕಿ. "ಹುದ್ದೆ ಹೆಸರು ಅಡುಗೆಯವರು ಅಂತಾನೇ ಇರುತ್ತೆ."

"ಹೆಸರು ಅಲ್ಲ ರೀ ಕೇಳಿದ್ದು. ನನ್ನ ಕಾಲು ಎಲ್ಲಿರ್ತಾವೆ ಅಂತ ಕೇಳಿದ್ದು."

"ನೋಡು ದುರುಗಮ್ಮ" ಹಾಲೇಶಪ್ಪನ ದನಿ ಮೆತ್ತಗಾತು. ಮೆತ್ತಗಾದ್ರೆ ಇನ್ನೂ ಭಯ. "ನಂಗೇನೂ ಇಲ್ಲ. ನಾನು ಅದೆಲ್ಲ ಮಾಡೋನಲ್ಲ. ಮಕ್ಕಳ ಅಪ್ಪ-ಅಮ್ಮ ಅದಾರಲ್ಲ, ಅವ್ರು ಒಪ್ಪಲ್ಲ. ನಾಳೆ ಮಕ್ಕಳನ್ನ ಕರ್ಕೊಂಡು ಹೋದ್ರೆ ಶಾಲೆ ಮುಚ್ಚೋಣಾ? ನೀನು ತೊಳ್ಕೊಂಡು ಬಳ್ಕೊಂಡು ಇರು, ನಿನ್ನ ಯಾರು ಬಿಡಿಸ್ತಾರೆ?"

ನಾನು ಅಂಗೈ ಬಿಚ್ಚಿ ಅವ್ರ ಮುಂದೆ ಮೇಜಿನ ಮ್ಯಾಲಿಟ್ಟೆ. ಬೆರಳು ಅಗಲಿಸ್ದೆ. ಬಿಳಿ ಚರ್ಮ, ಕೆಂಪು ಹುಣ್ಣು, ಕೀವು. ಮಾರುತೇಶ್ ಕುರ್ಚಿ ಹಿಂದಕ್ಕೆ ಜರುಗ್ಸಿದ್ರು.

"ಇನ್ನೊಂದು ಪ್ರಶ್ನೆ ಐತೆ" ಅಂದೆ. "ಇನ್ಮುಂದೆ ಬಾಗಿಲು ತೆಗೆದಿಟ್ಟು ಮುದ್ದೆ ತಿರುವ್ಬೋದಾ?"

ಅಂಬಿಕಾ ಮೇಡಂ ಥಟ್ಟನೆ ತಲೆ ಎತ್ತಿದ್ರು. "ದುರುಗಮ್ಮ!"

"ಏನು ಇನ್ಮುಂದೆ?" ಹಾಲೇಶಪ್ಪ ನನ್ನ ನೋಡಿದ್ರು, ಮೇಡಂನ ನೋಡಿದ್ರು. "ಏನು ಬಾಗಿಲು?"

"ಎರಡು ವರ್ಷದಿಂದ ಬಾಗಿಲು ಹಾಕ್ಕೊಂಡು ತಿರುವ್ತಾ ಇದೀನಿ ರೀ. ಅಜ್ಜಮ್ಮನ ಭುಜ ಹೋಗೈತೆ. ಸೋಮವಾರ ನೀವು ಎರಡೆರಡು ಉಂಡಿದ್ದು ನಾನು ತಿರುವಿದ್ದು."

ಅವ್ರ ಮುಖ ಬೂದಿ ಬಣ್ಣಕ್ಕೆ ತಿರುಗ್ತು. ಕೈ ತಾನಾಗೇ ಹೊಟ್ಟೆ ಮ್ಯಾಲೆ ಹೋತು. ಕುರ್ಚಿ ತಳ್ಳಿ ಎದ್ದು ನಿಂತ್ರು.

"ಹೆದರ್ಕೋಬ್ಯಾಡ್ರಿ. ಎಲ್ಲ ಅರಗೈತೆ" ಅಂದೆ.

"ನಡಿಯೇ ಹೊರಗೆ!" ಅಂತ ಕಿರುಚಿದ್ರು. ಆಗ ಬಂತು ನೋಡು ನಿಜದ ದನಿ.

ಮಾರುತೇಶ್ ನಡುವೆ ಕೈ ಅಡ್ಡ ಹಿಡಿದ್ರು. "ಅಮ್ಮ, ಬರೆದು ಕೊಡಿ. ನೋಡೋಣ. ನಾಳೆ ತಿಳಿಸ್ತೀವಿ." ಅವ್ರು ಸುಮ್ನೆ ನನ್ನ ಸಾಗಹಾಕಾಕೆ ಅಂದಿದ್ದು. ನಾನು ಪೆನ್ನು ತಗೊಂಡೆ. ನೀಲಿ 'ಇಲ್ಲ' ಮ್ಯಾಲೆ ಎರಡು ಗೀಟು ಎಳೆದೆ. ಎರಡೂ ಪ್ರಶ್ನೆ ದಪ್ಪಕ್ಷರದಾಗೆ ಬರೆದೆ. ಹುಣ್ಣಿಗೆ ಪೆನ್ನು ಒತ್ತಿ ಅಕ್ಷರ ಸೊಟ್ಟ ಆದ್ವು, ಆಗ್ಲಿ. ಕೆಳಗೆ ಸಹಿ ಹಾಕ್ದೆ. ಹನ್ನೊಂದು ಹದಿನೈದು ಆಗಿತ್ತು.

ಹೊರಗೆ ಬಂದ್ರೆ ಹೆಂಗಸ್ರೆಲ್ಲ ಎದ್ದು ನಿಂತಿದ್ರು. ಕಿರುಚಿದ್ದು ಕೇಳಿತ್ತಲ್ಲ. "ಹೋತಾ?" ಅಂದ್ಲು ಅಖ್ತರ್‌ಬೀ. "ಹೋತು ಅಂತ ಕಾಣ್ತೈತೆ" ಅಂದೆ. ಅಳು ಬಂತು. ಹಾಳಾದ್ದು, ಗೆದ್ದಂಗೆ ಮಾತಾಡಿ ಹೊರಗೆ ಬಂದ ಮ್ಯಾಲೆ ಅಳು ಬಂತು. ನಿಂಗೂ ಪ್ರಶ್ನೆ ಇಲ್ಲ ಅಂತ ಅವ್ರೇ ಬರ್ಕೊಂಡವ್ರೆ, ನೀನು ಅದಕ್ಕೇ ಹೆಬ್ಬೆಟ್ಟು ಒತ್ತಿದ್ದು ಅಂತ ಆಕೆಗೆ ಹೇಳ್ದೆ. ಅಖ್ತರ್‌ಬೀ ತನ್ನ ಹೆಬ್ಬೆರಳು ನೋಡ್ಕೊಂಡ್ಲು. ಸೆರಗಿಗೆ ಉಜ್ಜಿದ್ಲು. ಮಸಿ ಹೋಗ್ಲಿಲ್ಲ.

ಚೀಲ ತಗೊಂಡು ಗೇಟಿನ ತನ್ಕ ಹೋಗಿದ್ದೆ. ಹಿಂದಿಂದ ಅಂಬಿಕಾ ಮೇಡಂ ಓಡಿ ಬಂದ್ರು. ಚಪ್ಪಲಿ ಸಹಿತ ಹಾಕಿರ್ಲಿಲ್ಲ.

"ದುರುಗಮ್ಮ, ಎಲ್ಲಿಗೆ? ಎಸರು ಕುದೀತಾ ಐತೆ. ಹನ್ನೊಂದೂವರೆ ಆತು."

ನಾನು ಆಕೆ ಮುಖಾನೇ ನೋಡಿದೆ. ನಗಬೇಕೋ ಉಗೀಬೇಕೋ ತಿಳೀಲಿಲ್ಲ.

"ಅಕ್ಕಿ ನೆನೆಹಾಕಿಲ್ಲ ಕಣೆ. ಹಿಟ್ಟು ಒಂದೇ ಇರೋದು. ಮಕ್ಕಳು ಹಸ್ಕೊಂಡಿರ್ತಾವೆ. ಇವತ್ತೊಂದಿನ. ನಿನ್ನ ಕೈ ಹಿಡ್ಕೊಂಡು ಬೇಡ್ಕೊಳ್ತೀನಿ."

ಕೈ ಹಿಡ್ಕೊಂಡು ಅಂದ್ಲು, ಮುಟ್ಟಲಿಲ್ಲ, ಗಾಳಿಯಾಗೇ ಕೈ ಮುಗಿದ್ಲು. ಹೋಗ್ಬಿಡ್ಬೇಕು ಅನ್ನಿಸ್ತು. ಆದ್ರೆ ಮಕ್ಕಳು ಏನು ತಪ್ಪು ಮಾಡ್ಯಾವೆ? ಆ ಹೊಟ್ಟೆಗೆ ನಾನು ಎರಡು ವರ್ಷ ಹಾಕೀನಿ.

"ಬಾಗಿಲು ತೆಗೀತೀರಾ?" ಅಂದೆ.

"ಒಳಗೆ ಬಾ, ಮಾತಾಡೋಣ."

"ಬಾಗಿಲು ತೆಗೀತೀರಾ ಅಂತ ಕೇಳ್ದೆ."

ಆಕೆ ತಿರುಗಿ ಆಫೀಸಿನ ಕಡೆ ನೋಡಿದ್ಲು. ನಾನು ಚೀಲ ಅಖ್ತರ್‌ಬೀ ಕೈಗೆ ಕೊಟ್ಟು ಅಡುಗೆಮನೆಗೆ ಹೋದೆ. ಹಿಂದಿನ ಬಾಗಿಲಿಗಲ್ಲ. ಊಟದ ಹಾಲ್ ಒಳಗಿಂದ, ಮುಂದಿನ ಬಾಗಿಲಿಗೆ. ಚಿಲಕ ಒಳಗಿಂದ ಹಾಕಿತ್ತು. ಮಕ್ಕಳು ಆಗ್ಲೇ ತಟ್ಟೆ ಹಿಡ್ಕೊಂಡು ಸಾಲು ನಿಲ್ಲಾಕೆ ಶುರು ಮಾಡಿದ್ವು. ಗದ್ದಲ ಕೇಳಿ ಹಾಲೇಶಪ್ಪ, ಮಾರುತೇಶ್ ಇಬ್ರೂ ಬಂದ್ರು.

"ಏನಿದು ನಾಟಕ? ಹಿಂದ್ಗಡೆಯಿಂದ ಹೋಗಿ ಕೆಲಸ ಮುಗ್ಸಿ ಹೋಗು" ಅಂದ್ರು ಹಾಲೇಶಪ್ಪ, ಹಲ್ಲು ಕಚ್ಚಿ, ಮಕ್ಕಳಿಗೆ ಕೇಳಬಾರದಂಗೆ.

ಈಗಷ್ಟೇ ನನ್ನ ಮುದ್ದೆ ಉಂಡಿದ್ದಕ್ಕೆ ಹೊಟ್ಟೆ ಹಿಡ್ಕೊಂಡ ಮನುಷ್ಯ! ಮತ್ತೆ ತಿರುವು ಅಂತಾನೆ, ಬಾಗಿಲು ಹಾಕ್ಕೊಂಡು. ಅಲ್ಲಿಗೆ ಗೊತ್ತಾತು ನಂಗೆ. ಅವ್ರಿಗೆ ಮೈಲಿಗೆ ನನ್ನ ಕೈಯಾಗಿಲ್ಲ. ನನ್ನ ಕೈ ಕಾಣೋದ್ರಾಗೆ ಐತೆ.

"ಹಿಂದಿಂದ ಹೋಗಲ್ಲ. ಮುಚ್ಚಿದ ಬಾಗಿಲ ಒಳಗೆ ತಿರುವಲ್ಲ. ಬೇಕಾದ್ರೆ ನೀವೇ ತಿರುವ್ರಿ. ಕೋಲು ಒಳಗೈತೆ. ಕಾಲು ಕೊಟ್ಟು ಹಂಡೆ ಹಿಡೀಬೇಕು, ಪಂಚೆ ಎತ್ತಿ ಕಟ್ರಿ."

ಸಾಲಿನಾಗೆ ಯಾವುದೋ ಹುಡುಗಿ ಕಿಸಕ್ಕಂತು. ಹಾಲೇಶಪ್ಪನ ಕಿವಿ ಕೆಂಪಾದ್ವು. ಕೈ ಎತ್ತಿದ್ರು. ನಾನು ಅಲ್ಲಾಡ್ಲಿಲ್ಲ. ಹೊಡೀತಾರೆ ಅಂತಾನೇ ಅಂದ್ಕೊಂಡೆ. ಮಾರುತೇಶ್ ಅವ್ರ ತೋಳು ಹಿಡ್ಕೊಂಡು, "ಬ್ಯಾಡ ಸಾರ್, ಮೊಬೈಲ್ ಅದಾವೆ" ಅಂದ್ರು. ವರಾಂಡದ ಹೆಂಗಸ್ರು ಹದಿಮೂರೂ ಜನ ಹಾಲ್ ಬಾಗಿಲಿಗೆ ಬಂದು ನಿಂತಿದ್ರು. ಹೊನ್ನಾಳಿಯೋಳು ಒಬ್ಳು ಮೊಬೈಲ್ ಎತ್ತಿ ಹಿಡಿದಿದ್ಲು. ಯಾರವಳು, ಹೆಸರೂ ಗೊತ್ತಿಲ್ಲ ನಂಗೆ.

ಆಗ ಒಳಗೆ ಚಿಲಕ ಕಿರ್ ಅಂತು. ಬಾಗಿಲು ತೆಗೀತು. ಅಜ್ಜಮ್ಮ ನಿಂತಿದ್ಲು. ಎಡಗೈಲಿ ಮುದ್ದೆ ಕೋಲು.

"ಗಂಟಾಗ್ತೈತೆ ಬಾರೇ" ಅಂದ್ಲು. ಆಮೇಲೆ ಹಾಲೇಶಪ್ಪನ ಕಡೆ ತಿರುಗಿ, "ಎರಡು ವರ್ಷ ಇವ್ಳ ಹೆಸರು ನಾನು ಉಂಡೀನಿ ಸಾಹೇಬ್ರೆ. ಊರು ಬಿಡೋ ಹೊತ್ತಿಗಾದ್ರೂ ಹೇಳ್ಬೇಕಲ್ಲ" ಅಂದ್ಲು. ಅಷ್ಟು ಹೇಳಾಕೆ ಆಕೆಗೆ ಎರಡು ವರ್ಷ ಬೇಕಾತು. ನಾನು ಆಕೆಗೆ ಕೈ ಮುಗೀಲಿಲ್ಲ. ಕೋಲು ಇಸ್ಕೊಂಡೆ.

ತಿರುವಿದೆ. ಇನ್ನೂರ ನಲವತ್ತು ಮಕ್ಕಳು ನೋಡ್ತಿದ್ವು. ಬೆನ್ನು ತೋಯ್ದು ರವಿಕೆ ಅಂಟ್ಕೊಂತು. ರಟ್ಟೆ ನೋವು, ಬೆರಳ ಉರಿ, ಎಲ್ಲ ಅದೇ. ಬಾಗಿಲಿಂದ ಗಾಳಿ ಮಾತ್ರ ಬರ್ತಿತ್ತು. ಆ ಅಡುಗೆಮನೆಗೆ ಅಷ್ಟು ಗಾಳಿ ಐತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಅಜ್ಜಮ್ಮ ಉಂಡೆ ಕಟ್ಟಾಕೆ ಕೂತ್ಲು. ನಾನೂ ಪಕ್ಕ ಕೂತೆ, ಬೆರಳಿಗೆ ಬಟ್ಟೆ ಸುತ್ಕೊಂಡು ನಾನೇ ಬಡಿಸ್ದೆ.

ಹಾಲೇಶಪ್ಪನ ಕಾರು ಹೋದ ಸದ್ದು ಕೇಳ್ತು. ಮಕ್ಕಳು ಉಂಡ್ವು. ಎಲ್ಲ ಉಂಡ್ವು ಅಂತ ಹೇಳಲ್ಲ. ಹನ್ನೊಂದು ತಟ್ಟೆಯಾಗೆ ಮುದ್ದೆ ಹಂಗೇ ಉಳೀತು. ನಿನ್ನೆ ತನ್ಕ ಬೆಣ್ಣೆ ಇದ್ದಂಗಿತ್ತು, ಇವತ್ತು ಗಂಟ್ಲಾಗೆ ಇಳೀಲಿಲ್ಲ. ಹತ್ತು ವರ್ಷದ ಮಕ್ಕಳಿಗೆ ಇದನ್ನ ಕಲಿಸ್ದೋರು ಯಾರು? ಸಂಕಟ ಆತು. ಸಿಟ್ಟು ಅದಕ್ಕಿಂತ ಜಾಸ್ತಿ ಆತು. ಉಳಿದ ಇನ್ನೂರ ಇಪ್ಪತ್ತೊಂಬತ್ತು ತಟ್ಟೆ ಖಾಲಿ ಆಗಿದ್ವು, ಅದನ್ನೂ ಹೇಳ್ತೀನಿ.

ತಟ್ಟೆ ಎಲ್ಲ ನಲ್ಲಿ ಕಡೆ ಹೋಗಿ ಬಿದ್ವು. ಗುಡ್ಡೆ ಆದ್ವು. ನೊಣ ಮುತ್ತಿದ್ವು. ನಾನು ಒಲೆ ಮುಂದಿಂದ ಏಳಲಿಲ್ಲ. ಅಖ್ತರ್‌ಬೀ ಬಂದು ಹೊಸ್ತಿಲ ಮ್ಯಾಲೆ ಕೂತ್ಲು. ಒಂದು ಕಾಲು ಆಕಡೆ, ಒಂದು ಕಾಲು ಈಕಡೆ. ತನ್ನ ಫಾರಂ ವಾಪಸ್ ಇಸ್ಕೊಂಡು ಬಂದಿದ್ಲು. "ನಂದೂ ಎರಡು ಪ್ರಶ್ನೆ ಬರೆದುಕೊಡೇ" ಅಂದ್ಲು. ಆಕೆ ಹಿಂದೆ ಇನ್ನೂ ನಾಲ್ಕು ಜನ ನಿಂತಿದ್ರು, ಕೈಯಾಗೆ ಫಾರಂ ಹಿಡ್ಕೊಂಡು.

ಎರಡು ಗಂಟೆಗೆ ಅಂಬಿಕಾ ಮೇಡಂ ಬಂದ್ರು. ಹಿಂದೆ ಮಾರುತೇಶ್. ನಲ್ಲಿ ಕಡೆ ನೋಡಿದ್ರು, ನನ್ನ ನೋಡಿದ್ರು.

"ದುರುಗಮ್ಮ, ತಟ್ಟೆ ಯಾರು ತೊಳೀತಾರೆ?"

ನಾನು ಅಖ್ತರ್‌ಬೀಯ 'ಇಲ್ಲ' ಮ್ಯಾಲೆ ಗೀಟು ಎಳೀತಿದ್ದೆ. ತಲೆ ಎತ್ತಲಿಲ್ಲ.

"ಬರೆದು ಕೊಡ್ರಿ ಮೇಡಂ" ಅಂದೆ. "ನೋಡೋಣ. ನಾಳೆ ತಿಳಿಸ್ತೀವಿ."